ಮೂತ್ರಪಿಂಡದ ಬೇನೆ: ಡಯಾಲಿಸಿಸ್‌ನ ಭಯವೂ ವಸ್ತುಸ್ಥಿತಿಯೂ

'ಕಿಡ್ನಿ ಫೇಲ್ ಆಗಿದೆಯಂತೆ' ಎಂಬ ಮಾತು ಮನೆಯನ್ನು ಹೊಕ್ಕಿತೆಂದರೆ ಆ ಮನೆಯ ನೆಮ್ಮದಿ ಅಂದೇ ಹಾರಿಹೋಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ ಎಂಬ ಹೆಸರಿನ ಮುಂದೆ 1.4 ಎಂದೋ 1.8 ಎಂದೋ ಅಚ್ಚಾಗಿರುತ್ತದೆ. ಅಷ್ಟಕ್ಕೇ ಬಂಧುಗಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಒಬ್ಬರು ಬೇರಿನ ಔಷಧಿ ಹೇಳುತ್ತಾರೆ, ಇನ್ನೊಬ್ಬರು ಬೇಳೆಯನ್ನೇ ಮುಟ್ಟಬಾರದೆನ್ನುತ್ತಾರೆ, ಮತ್ತೊಬ್ಬರು ಡಯಾಲಿಸಿಸ್‌ಗೆ ಹಣ ಬೇಕಾದೀತೆಂದು ಹೊಲದ ಮಾತು ತೆಗೆಯುತ್ತಾರೆ. ಇದಕ್ಕೆ ತೀರ ವಿರುದ್ಧವಾದ ಮನೆಗಳೂ ಉಂಟು. ಅಲ್ಲಿ ಆ ಚೀಟಿ ಬೀರುವಿನೊಳಗೆ ವರ್ಷಗಟ್ಟಲೆ ಮಲಗಿರುತ್ತದೆ. ಹಿರಿಯರು ಒಂದು ರಾತ್ರಿ ಏದುಸಿರು ಬಿಡುತ್ತ ಎದ್ದು ಕುಳಿತಾಗಲೇ ಅದು ಹೊರಗೆ ಬರುವುದು.

ಈ ಎರಡೂ ಬಗೆಯ ಮನೆಗಳಿಗೆ ತಿಳಿಯದಿರುವ ಸಂಗತಿ ಒಂದೇ. ದೀರ್ಘಕಾಲದ ಮೂತ್ರಪಿಂಡ ರೋಗಕ್ಕೆ ಡಯಾಲಿಸಿಸ್ ಎಂಬ ಒಂದೇ ಕೊನೆ ಇಲ್ಲ. ಹಲವರಲ್ಲಿ ಅದು ವರ್ಷಾನುಗಟ್ಟಲೆ ಹೆಚ್ಚು ಕದಲದೆ ನಿಲ್ಲುತ್ತದೆ. ಹಲವರಲ್ಲಿ ಮೂತ್ರಪಿಂಡ ಸೋಲುವ ಮೊದಲೇ ಹೃದಯ ಸೋಲುತ್ತದೆ. ಕೆಲವರು ಮಾತ್ರ ಡಯಾಲಿಸಿಸ್‌ನವರೆಗೆ ಹೋಗುತ್ತಾರೆ. ಯಾರು ಯಾವ ದಾರಿಯಲ್ಲಿ ಸಾಗುತ್ತಿದ್ದಾರೆಂಬುದನ್ನು ಅಗ್ಗದ ಎರಡು ಪರೀಕ್ಷೆಗಳಿಂದ ಬಹುಮಟ್ಟಿಗೆ ಮೊದಲೇ ಅರಿಯಬಹುದು, ದಾರಿಯನ್ನು ಎಷ್ಟೋ ಸಲ ಬದಲಿಸಲೂಬಹುದು.

ನಮ್ಮ ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನ್ ಎಂದು ಕರೆಯಲ್ಪಡುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ದಿನವೊಂದಕ್ಕೆ ಇವು ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸಿ, ಉಳಿದುದನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಇಷ್ಟೇ ಅಲ್ಲದೆ ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ನೀಡುವುದು, ಮೂಳೆಗಳಿಗೆ ಬೇಕಾದ ಡಿ ಜೀವಸತ್ವವನ್ನು ಸಕ್ರಿಯಗೊಳಿಸುವುದು ಇವೆಲ್ಲವೂ ಇದೇ ಅಂಗದ ಕೆಲಸ. ನಿಸರ್ಗವು ಇಲ್ಲಿ ಧಾರಾಳವಾಗಿ ಕೊಟ್ಟಿದೆ. ಒಂದು ಮೂತ್ರಪಿಂಡವನ್ನು ದಾನ ಮಾಡಿದ ಆರೋಗ್ಯವಂತರು ಉಳಿದ ಒಂದರಲ್ಲಿಯೇ ಬಾಳುತ್ತಾರೆ. ಆದರೆ ಈ ಧಾರಾಳತನವೇ ರೋಗವನ್ನು ಮರೆಮಾಚುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಗ್ಗಿದ್ದರೂ ನೋವಿಲ್ಲ, ಮೂತ್ರದ ಪ್ರಮಾಣದಲ್ಲಿ ಕೊರತೆಯಿಲ್ಲ. 'ಮೂತ್ರ ಚೆನ್ನಾಗಿ ಹೋಗುತ್ತಿದೆ, ನನಗೇನಾಗಿದೆ?' ಎಂಬ ಹಿರಿಯರ ವಾದಕ್ಕೆ ಆದ್ದರಿಂದ ಅರ್ಥವಿಲ್ಲ.

ಚೀಟಿಯನ್ನು ಓದುವ ಬಗೆ

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಹುಟ್ಟುವ ಕಶ್ಮಲ. ಸ್ನಾಯು ಹೆಚ್ಚಿದ್ದವರಲ್ಲಿ ಅದು ಸಹಜವಾಗಿಯೇ ತುಸು ಹೆಚ್ಚು, ಕೃಶವಾದವರಲ್ಲಿ ಕಡಿಮೆ. ಹೀಗಾಗಿ ಬರಿಯ ಆ ಅಂಕಿಯನ್ನು ನೋಡಿ ಏನನ್ನೂ ನಿರ್ಧರಿಸಲಾಗದು. ವಯಸ್ಸು, ಲಿಂಗಗಳೊಡನೆ ಅದನ್ನು ಸೂತ್ರಕ್ಕೆ ಹಾಕಿ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸಲ್ಪಡುತ್ತಿದೆ ಎಂದು ಲೆಕ್ಕ ಹಾಕಬೇಕು. ಇದನ್ನು ಜಿ.ಎಫ್.ಆರ್. ಎನ್ನುತ್ತಾರೆ. 2021ರಲ್ಲಿ ಪರಿಷ್ಕರಿಸಲ್ಪಟ್ಟ ಸೂತ್ರದಂತೆ, ಕ್ರಿಯಾಟಿನಿನ್ 1.4 ಇರುವ 30 ವರ್ಷದ ಯುವಕನ ಜಿ.ಎಫ್.ಆರ್. ಸುಮಾರು 69. ಅದೇ 1.4 ಇರುವ 70 ವರ್ಷದ ಅಜ್ಜಿಯದು ಸುಮಾರು 40. ಚೀಟಿಯಲ್ಲಿ ಇಬ್ಬರದೂ ಒಂದೇ ಅಂಕಿ, ಇಬ್ಬರ ಸ್ಥಿತಿ ಮಾತ್ರ ಬೇರೆ ಬೇರೆ.

ಜಿ.ಎಫ್.ಆರ್. 60ಕ್ಕಿಂತ ಕಡಿಮೆಯಾಗಿ ಅಥವಾ ಮೂತ್ರಪಿಂಡಕ್ಕೆ ಹಾನಿಯಾದ ಬೇರೆ ಗುರುತು ಕಂಡು, ಆ ಸ್ಥಿತಿ ಮೂರು ತಿಂಗಳಿಗೂ ಮೀರಿ ಉಳಿದಿದ್ದರೆ ಮಾತ್ರ ಅದಕ್ಕೆ ದೀರ್ಘಕಾಲದ ರೋಗವೆಂದು ಹೆಸರು. ವಾಂತಿಭೇದಿಯಾಗಿ ನೀರು ಕಳೆದುಕೊಂಡಾಗ, ಜ್ವರದಲ್ಲಿದ್ದಾಗ ಕ್ರಿಯಾಟಿನಿನ್ ಏರಿ ಮತ್ತೆ ಇಳಿಯುವುದುಂಟು. ಒಂದೇ ಚೀಟಿ ಹಿಡಿದು ಗಾಬರಿಪಡಬಾರದೆಂಬುದು ಇದೇ ಕಾರಣಕ್ಕೆ. ಆದರೆ ಎರಡನೆಯ ಚೀಟಿಯನ್ನು ಮಾಡಿಸದೆ ಇರುವುದೂ ಸಲ್ಲದು. ವೈದ್ಯರು ರೋಗವನ್ನು ಐದು ಹಂತಗಳಾಗಿ ವಿಂಗಡಿಸಿದ್ದಾರೆ. 30ರಿಂದ 59ರವರೆಗೆ ಮೂರನೆಯ ಹಂತ, 15ರಿಂದ 29 ನಾಲ್ಕನೆಯದು, 15ರ ಕೆಳಗೆ ಐದನೆಯದು.

ಎರಡನೆಯ ಪರೀಕ್ಷೆ ಮೂತ್ರದ್ದು. ಇದನ್ನು ನಮ್ಮಲ್ಲಿ ಬಹಳ ಮಂದಿ ಮಾಡಿಸುವುದೇ ಇಲ್ಲ. ರಕ್ತದಲ್ಲಿರಬೇಕಾದ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರುತ್ತಿದೆಯೇ ಎಂಬುದನ್ನು ಇದು ತಿಳಿಸುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಮಿಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸರಿ, 300ನ್ನು ಮೀರಿದರೆ ಸೋರಿಕೆ ತೀವ್ರ. ಮುಂದೆ ಏನಾದೀತೆಂಬುದನ್ನು ಹೇಳುವಲ್ಲಿ ಈ ಅಂಕಿಗೆ ಇರುವ ಬಲ ದೊಡ್ಡದು.

2011ರಲ್ಲಿ ಕೆನಡಾ ದೇಶದ ವೈದ್ಯ ನವದೀಪ್ ತಂಗ್ರಿ ಮತ್ತು ಸಂಗಡಿಗರು ವಯಸ್ಸು, ಲಿಂಗ, ಜಿ.ಎಫ್.ಆರ್. ಹಾಗೂ ಮೂತ್ರದ ಅಲ್ಬುಮಿನ್ ಈ ನಾಲ್ಕನ್ನೇ ಬಳಸಿ ಎರಡು ಮತ್ತು ಐದು ವರ್ಷಗಳಲ್ಲಿ ಮೂತ್ರಪಿಂಡ ಸಂಪೂರ್ಣ ಸೋಲುವ ಸಂಭವವನ್ನು ಅಳೆಯುವ ಸೂತ್ರವೊಂದನ್ನು ಪ್ರಕಟಿಸಿದರು. 2016ರಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳ ಏಳು ಲಕ್ಷಕ್ಕೂ ಮೀರಿದ ಜನರ ಮಾಹಿತಿಯ ಮೇಲೆ ಅದನ್ನು ಒರೆಗೆ ಹಚ್ಚಿ ನೋಡಲಾಯಿತು. ಇದರಂತೆ ಲೆಕ್ಕ ಹಾಕಿದರೆ, 60 ವರ್ಷದ, ಜಿ.ಎಫ್.ಆರ್. 35 ಇರುವ ಇಬ್ಬರು ಪುರುಷರಲ್ಲಿ ಅಲ್ಬುಮಿನ್ 10 ಮಾತ್ರ ಇರುವವರಿಗೆ ಎರಡು ವರ್ಷಗಳಲ್ಲಿ ಡಯಾಲಿಸಿಸ್ ಬೇಕಾಗುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಲ್ಬುಮಿನ್ 1000 ಇರುವವರಿಗೆ ನೂರಕ್ಕೆ ಸುಮಾರು ಆರು. ಇಬ್ಬರ ಕ್ರಿಯಾಟಿನಿನ್ ಒಂದೇ ಆಗಿದ್ದರೂ ಅಪಾಯದಲ್ಲಿ ಎಂಟು ಪಟ್ಟು ಅಂತರ! ಎರಡನೆಯವರ ಜಿ.ಎಫ್.ಆರ್. 20ಕ್ಕೆ ಇಳಿದರೆ ಸಂಭವ ನೂರಕ್ಕೆ ಇಪ್ಪತ್ತೇಳರಷ್ಟಾಗುತ್ತದೆ. ಈ ಲೆಕ್ಕವನ್ನು ಮನೆಯವರು ತಾವೇ ಮಾಡಿ ತೀರ್ಮಾನಕ್ಕೆ ಬರಬೇಕೆಂದಲ್ಲ. ವೈದ್ಯರಲ್ಲಿ 'ನಮ್ಮ ತಂದೆಯವರ ಮೂತ್ರದ ಅಲ್ಬುಮಿನ್ ಎಷ್ಟಿದೆ?' ಎಂದು ಕೇಳುವ ತಿಳಿವಳಿಕೆ ಇದ್ದರೆ ಸಾಕು. ಐದು ವರ್ಷಗಳ ಅಪಾಯ ನೂರಕ್ಕೆ ಮೂರರಿಂದ ಐದನ್ನು ಮುಟ್ಟಿದಾಗ ಮೂತ್ರಪಿಂಡ ತಜ್ಞರನ್ನು ಕಾಣಬೇಕೆಂಬುದು 2024ರ ಅಂತರರಾಷ್ಟ್ರೀಯ ಮಾರ್ಗದರ್ಶಿಯ ಸಲಹೆಯಾಗಿದೆ.

ಮೊದಲು ಸೋಲುವುದು ಹೃದಯ

ಅಮೆರಿಕದ ಒಂದು ಆರೋಗ್ಯ ಸಂಸ್ಥೆಯಲ್ಲಿ ಸುಮಾರು 28 ಸಾವಿರ ರೋಗಿಗಳನ್ನು ಐದು ವರ್ಷಗಳವರೆಗೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ವೈದ್ಯಲೋಕದ ಕಣ್ಣು ತೆರೆಸಿತು. ಮೂರನೆಯ ಹಂತದಲ್ಲಿದ್ದವರ ಪೈಕಿ ಡಯಾಲಿಸಿಸ್ ಅಥವಾ ಕಸಿ ಬೇಕಾದವರು ನೂರಕ್ಕೆ 1.3 ಮಾತ್ರ, ಆದರೆ ಅದೇ ಅವಧಿಯಲ್ಲಿ ತೀರಿಕೊಂಡವರು ನೂರಕ್ಕೆ 24.3. ನಾಲ್ಕನೆಯ ಹಂತದವರಲ್ಲಿ ಡಯಾಲಿಸಿಸ್ ಅಥವಾ ಕಸಿಗೆ ಹೋದವರು 19.9, ಮಡಿದವರು 45.7. ಅದೇ ವರ್ಷ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರ ಇನ್ನೊಂದು ಅಧ್ಯಯನ, ಜಿ.ಎಫ್.ಆರ್. ಇಳಿದಂತೆಲ್ಲ ಹೃದ್ರೋಗ, ಪಾರ್ಶ್ವವಾಯು, ಆಸ್ಪತ್ರೆವಾಸ ಮತ್ತು ಮರಣ ಇವೆಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ತೋರಿಸಿತು. ಅಲ್ಲಿಯ ರೋಗಿಗಳಲ್ಲಿ ವಯಸ್ಸಾದವರೇ ಹೆಚ್ಚು. ಅವರ ಅಂಕಿಗಳನ್ನು ನಮ್ಮ ನಲವತ್ತರ ಪ್ರಾಯದ ಮಧುಮೇಹಿಗೆ ಹಾಗೆಯೇ ಅನ್ವಯಿಸಲಾಗದು, ಚಿಕ್ಕ ವಯಸ್ಸಿನವರಿಗೆ ಡಯಾಲಿಸಿಸ್‌ನ ಪಾಲು ಹೆಚ್ಚು. ಆದರೂ ಮುಖ್ಯ ವಿಷಯ ಬದಲಾಗುವುದಿಲ್ಲ. ಮೂತ್ರಪಿಂಡ ರೋಗಿಯ ದೊಡ್ಡ ಶತ್ರು ಹೃದಯ ಮತ್ತು ರಕ್ತನಾಳಗಳ ಬೇನೆ.

ಇದಕ್ಕೆ ಕಾರಣ ನಿಗೂಢವೇನಲ್ಲ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೆಂದರೆ ದೇಹದ ಇತರ ಕಡೆಗಳ ಸಣ್ಣ ರಕ್ತನಾಳಗಳೂ ಕೆಟ್ಟಿವೆಯೆಂದೇ ತಿಳಿಯಬೇಕು. ಉಪ್ಪು-ನೀರು ಹೊರಹೋಗದೆ ಒತ್ತಡ ಏರುತ್ತದೆ. ರಂಜಕಾಂಶ ಹೆಚ್ಚಿ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ. ರಕ್ತಹೀನತೆಯಿಂದ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಹೀಗಿರುವಾಗ ಕ್ರಿಯಾಟಿನಿನ್ ಒಂದನ್ನೇ ದೃಷ್ಟಿಸುತ್ತ ಕುಳಿತು, ಬೀಡಿ-ಸಿಗರೇಟು ಬಿಡದೆ, ಕೊಲೆಸ್ಟರಾಲಿನ ಮಾತ್ರೆ ನುಂಗದೆ ಇರುವುದು ಹಿತ್ತಲ ಬಾಗಿಲಿಗೆ ಬೀಗ ಹಾಕಿ ತಲೆಬಾಗಿಲನ್ನು ತೆರೆದಿಟ್ಟಂತೆ.

ಸಂತೋಷದ ಸಂಗತಿಯೆಂದರೆ ಇವೆರಡನ್ನೂ ಒಟ್ಟಿಗೆ ಕಾಯುವ ಔಷಧಿಗಳು ಈಗ ಇವೆ. ರಕ್ತದೊತ್ತಡವನ್ನು ಸಾಮಾನ್ಯವಾಗಿ 130/80ರ ಒಳಗೆ ಇರಿಸುವುದು ಮೊದಲ ಕೆಲಸ. ಲೋಸಾರ್ಟಾನ್ ಎಂಬ ಮಾತ್ರೆಯು ಮಧುಮೇಹಿಗಳಲ್ಲಿ ಮೂತ್ರಪಿಂಡ ಸೋಲುವ ಸಂಭವವನ್ನು ನೂರಕ್ಕೆ 28ರಷ್ಟು ತಗ್ಗಿಸುವುದೆಂದು 2001ರಲ್ಲಿ ಸಿದ್ಧವಾಯಿತು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು 4304 ಮೂತ್ರಪಿಂಡ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ ಹೊರಬಂದಿತು. ಮೂತ್ರಪಿಂಡದ ತೀವ್ರ ಕುಸಿತ, ಸೋಲು ಹಾಗೂ ಮೂತ್ರಪಿಂಡ-ಹೃದಯ ಕಾರಣದ ಮರಣ ಇವೆಲ್ಲ ಒಟ್ಟಾಗಿ ನೂರಕ್ಕೆ 39ರಷ್ಟು ಕಡಿಮೆಯಾದವು, ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭವಾಯಿತು. ಈ ಮಾತ್ರೆಯನ್ನು ನಮ್ಮ ದೇಶದಲ್ಲಿಯೇ ಈಗ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ಬೆಲೆಯೂ ಇಳಿದಿದೆ. ಇಲ್ಲೊಂದು ಎಚ್ಚರಿಕೆ ಅವಶ್ಯ. ಈ ಬಗೆಯ ಮಾತ್ರೆಗಳನ್ನು ಆರಂಭಿಸಿದ ಹೊಸದರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಲೋಸಾರ್ಟಾನಿನಂಥವುಗಳಲ್ಲಿ ನೂರಕ್ಕೆ ಮೂವತ್ತರವರೆಗಿನ ಏರಿಕೆಯನ್ನು ವೈದ್ಯರು ಸಹಿಸುತ್ತಾರೆ. ಅದನ್ನು ಕಂಡು 'ಮಾತ್ರೆಯೇ ಕಿಡ್ನಿಯನ್ನು ಕೆಡಿಸಿತು' ಎಂದು ನಿಲ್ಲಿಸಿಬಿಡುವವರು ತಮ್ಮ ರಕ್ಷಣೆಯನ್ನೇ ಕಳಚಿ ಎಸೆದಂತೆ. ವಾಂತಿಭೇದಿಯಾದ ದಿನಗಳಲ್ಲಿ ಮಾತ್ರ ಇವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ನಿಜವಾಗಿ ಮೂತ್ರಪಿಂಡ ಕೆಡಿಸುವ ಮಾತ್ರೆಗಳು ಬೇರೆಯೇ ಇವೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಈ ಪಟ್ಟಿಯಲ್ಲಿ ಮೊದಲಿಗೆ ನಿಲ್ಲುತ್ತವೆ. ಹಾಗೆಯೇ ಒಳಗೇನಿದೆಯೆಂದು ತಿಳಿಯದ ಬೇರು-ಭಸ್ಮಗಳು. 'ಗಿಡಮೂಲಿಕೆಯಲ್ಲವೇ, ಅಪಾಯವಿಲ್ಲ' ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಲ್ಜಿಯಮ್ ದೇಶದಲ್ಲಿ ತೂಕ ಇಳಿಸಲು ಮೂಲಿಕೆಯ ಗುಳಿಗೆ ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಶೀಘ್ರವಾಗಿ ನಾಶವಾದುದು 1993ರಲ್ಲಿ ವರದಿಯಾಯಿತು. ಅದರಲ್ಲಿ ಅರಿಸ್ಟೊಲೋಕಿಯ ಜಾತಿಯ ಗಿಡ ಸೇರಿದ್ದುದು ಕಾರಣ. ಪಾದರಸ ಸೇರಿದ ನಾಟಿ ಔಷಧಿಗಳಿಂದ, ಮುಖ ಬೆಳ್ಳಗಾಗಿಸುವ ಕ್ರೀಮುಗಳಿಂದ ಮೂತ್ರದಲ್ಲಿ ಪ್ರೋಟೀನು ಸೋರತೊಡಗಿದ ಪ್ರಕರಣಗಳನ್ನು ಈಚಿನ ವರ್ಷಗಳಲ್ಲಿ ತಮಿಳುನಾಡು, ಕೇರಳಗಳ ವೈದ್ಯರು ದಾಖಲಿಸಿದ್ದಾರೆ.

ಅಡಿಗೆಮನೆಯ ಮಾತು

ಗೃಹಿಣಿಯರಿಗೆ ಇಲ್ಲಿ ಬಹಳ ಗೊಂದಲವಿದೆ. ಮೊದಲನೆಯದಾಗಿ ಉಪ್ಪು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚೆಯಷ್ಟು, ಎಲ್ಲ ಅಡಿಗೆಯೂ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಬಿಡದೆ ಈ ಲೆಕ್ಕ ಹೊಂದುವುದಿಲ್ಲ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುತ್ತದೆ, ಮೂತ್ರಪಿಂಡ ರೋಗಿಗೆ ಅದು ಇನ್ನೂ ಕೆಟ್ಟದ್ದು.

ಬೇಳೆ ಪೂರ್ತಿ ನಿಷಿದ್ಧ ಎಂಬುದು ತಪ್ಪು. ಮೂರನೆಯ ಹಂತದಿಂದ ಮುಂದಿನವರಿಗೆ, ಡಯಾಲಿಸಿಸ್ ಆರಂಭವಾಗುವವರೆಗೆ, ದೇಹತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನು, ಅರವತ್ತು ಕಿಲೋ ತೂಗುವವರಿಗೆ ಸುಮಾರು 48 ಗ್ರಾಂ, ಬೇಕೇ ಬೇಕು. ಡಯಾಲಿಸಿಸ್ ಆರಂಭವಾದ ಮೇಲೆ ಇದು 1.0ರಿಂದ 1.2ಕ್ಕೆ ಹೆಚ್ಚಬೇಕು. ಆದರೆ ಹಳೆಯ ಪಥ್ಯವನ್ನೇ ಮುಂದುವರಿಸಿ ರೋಗಿಯನ್ನು ಸೊರಗಿಸುವ ಮನೆಗಳುಂಟು. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಧಾನ್ಯ-ಬೇಳೆಗಳಲ್ಲಿರುವ ರಂಜಕಾಂಶ ಮಾಂಸದಲ್ಲಿರುವಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ.

ಪೊಟ್ಯಾಸಿಯಂ ಹೆಚ್ಚಾದವರಿಗೆ ಎಳನೀರು ಅಪಾಯಕಾರಿ. ಬಳಲಿದ ರೋಗಿಗೆ ಪ್ರೀತಿಯಿಂದ ಎಳನೀರು ಕುಡಿಸುವವರು ಇದನ್ನು ಅರಿತಿರಬೇಕು. ಶಿವರಾತ್ರಿಯ ಉಪವಾಸದಲ್ಲಿ ಬಾಳೆಹಣ್ಣು, ಖರ್ಜೂರಗಳನ್ನೇ ಆಧರಿಸುವ ಡಯಾಲಿಸಿಸ್ ರೋಗಿಗೆ ಹೃದಯದ ಲಯ ತಪ್ಪುವ ಭಯವಿದೆ. ಆರಂಭದ ಹಂತದವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ಇರುವ ಶಕ್ತಿಯೂ ಕುಗ್ಗಬಹುದು. ವ್ರತಕ್ಕೆ ಮೊದಲು ವೈದ್ಯರಿಗೆ ತಿಳಿಸುವುದು ಒಳಿತು. ಕಮರಾಕ್ಷಿ ಅಥವಾ ದಾರೆಹುಳಿ ಹಣ್ಣನ್ನು ಮಾತ್ರ ಯಾವ ಹಂತದ ರೋಗಿಗೂ ಕೊಡಲೇಬಾರದು. ಅದರಲ್ಲಿಯ ವಿಷಾಂಶವು ಬಿಕ್ಕಳಿಕೆ, ಮತಿಭ್ರಮೆ ತಂದು ಪ್ರಾಣಕ್ಕೇ ಎರವಾದ ಉದಾಹರಣೆಗಳಿವೆ.

ಡಯಾಲಿಸಿಸ್ ಬಂದಾಗ

1943ರಲ್ಲಿ ಯುದ್ಧಗ್ರಸ್ತ ಹಾಲೆಂಡಿನ ಕಾಂಪೆನ್ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ತಿರುಗುವ ಉರುಳೆಯ ಯಂತ್ರದಿಂದ ರೋಗಿಯ ರಕ್ತವನ್ನು ಶುದ್ಧಿಗೊಳಿಸಲು ತೊಡಗುವ ತನಕ ಮೂತ್ರಪಿಂಡ ಸೋತವರಿಗೆ ಉಪಾಯವೇ ಇರಲಿಲ್ಲ. ಪದೇ ಪದೇ ರಕ್ತ ತೆಗೆದು ಮರಳಿಸುವ ದಾರಿಯನ್ನು 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕಂಡುಹಿಡಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಇಂದು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂಬುದು ರೂಢಿ.

'ಒಮ್ಮೆ ಹಚ್ಚಿದರೆ ಬಿಡುವಂತಿಲ್ಲ' ಎಂಬ ಮಾತಿನಿಂದಾಗಿ ಜನರು ಕೊನೆಯ ಗಳಿಗೆಯವರೆಗೆ ಮುಂದೂಡುತ್ತಾರೆ. ವಾಸ್ತವವಾಗಿ ರೋಗಿಯನ್ನು ಕಟ್ಟಿಹಾಕುವುದು ಯಂತ್ರವಲ್ಲ, ರೋಗ. ಹಠಾತ್ತನೆ ಮೂತ್ರಪಿಂಡ ನಿಂತವರಲ್ಲಿ ಅದು ಚೇತರಿಸಿದ ಮೇಲೆ ಡಯಾಲಿಸಿಸ್ ನಿಲ್ಲಿಸುವುದು ಸಾಮಾನ್ಯ. ಹಾಗೆಂದು ಅವಸರವೂ ಬೇಡ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗನೆ ಆರಂಭಿಸಿದವರು ತಡವಾಗಿ ಆರಂಭಿಸಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕ್ರಿಯಾಟಿನಿನ್ ಅಂಕಿಯೊಂದೇ ಮುಹೂರ್ತವಲ್ಲ. ನಿಲ್ಲದ ವಾಕರಿಕೆ, ಉಸಿರಾಟದ ಕಷ್ಟ, ಮಂಪರು, ಔಷಧಿಗೆ ಬಗ್ಗದ ಪೊಟ್ಯಾಸಿಯಂ ಇವು ಅದರ ಸೂಚನೆಗಳು.

ಆದರೆ ಸಿದ್ಧತೆ ಮಾತ್ರ ತಿಂಗಳುಗಳ ಮೊದಲೇ ಆಗಬೇಕು. ತೋಳಿನ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಫಿಸ್ಟುಲಾ ಎಂಬ ಸಣ್ಣ ಶಸ್ತ್ರಕ್ರಿಯೆ ಮಾಡಿಸಿ ಅದು ಬಲಿಯಲು ಆರು-ಎಂಟು ವಾರಗಳಾದರೂ ಬೇಕು. ಮಾಡಿಸದೆ ಬಂದವರಿಗೆ ಕತ್ತಿನ ದೊಡ್ಡ ರಕ್ತನಾಳಕ್ಕೆ ನಳಿಕೆ ತೂರಿಸಬೇಕಾಗುತ್ತದೆ. ಅದರಿಂದ ರಕ್ತಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ಡಯಾಲಿಸಿಸ್ ರೋಗಿಯ ಆಯುಸ್ಸನ್ನು ನಿರ್ಧರಿಸುವ ಸಂಗತಿಗಳಲ್ಲಿ ಇದು ಒಂದೆಂಬುದು ಬಹಳ ಕುಟುಂಬಗಳಿಗೆ ಗೊತ್ತೇ ಇಲ್ಲ. ಸಾಮಾನ್ಯವಾಗಿ ಹೆಚ್ಚು ಬಳಸದ ಎಡಗೈಯನ್ನೇ ಆರಿಸುತ್ತಾರೆ. ಆದುದರಿಂದ ಜಿ.ಎಫ್.ಆರ್. 30ರ ಕೆಳಗೆ ಬಂದವರು ಆ ತೋಳಿನಿಂದ ರಕ್ತ ತೆಗೆಸದಿರಬೇಕು, ಹೆಪಟೈಟಿಸ್ ಬಿ ಲಸಿಕೆಯನ್ನೂ ಆಗಲೇ ಪೂರೈಸಬೇಕು. ಎಡಗೈಗೆ ಫಿಸ್ಟುಲಾ ಆದರೆ ಇಷ್ಟಲಿಂಗ ಪೂಜೆಗೆ ತೊಡಕಾದೀತೆ ಎಂಬ ಶಂಕೆ ನಮ್ಮ ಮನೆಗಳಲ್ಲಿ ಬರುವುದು ಸಹಜ. ಗಾಯ ಮಾಗಿದ ಮೇಲೆ ಅಂಗೈಯಲ್ಲಿ ಲಿಂಗವನ್ನು ಹಿಡಿಯಲು ಅಡ್ಡಿಯಿಲ್ಲ. ಭಾರ ಎತ್ತುವುದು, ಆ ತೋಳಿಗೆ ಬಿಗಿಯಾಗಿ ದಾರ-ಬಳೆ ಧರಿಸುವುದು, ಅದರ ಮೇಲೆ ತಲೆಯಿಟ್ಟು ಮಲಗುವುದು ಮಾತ್ರ ಬೇಡ.

ಡಯಾಲಿಸಿಸ್ ಕೇಂದ್ರದಿಂದ ದೂರದ ಹಳ್ಳಿಗಳಲ್ಲಿರುವವರಿಗೆ ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲಿಯೇ ದ್ರವ ಬದಲಿಸುತ್ತ ಮಾಡಿಕೊಳ್ಳುವ ಪೆರಿಟೋನಿಯಲ್ ವಿಧಾನವೂ ಇದೆ. ಶುಚಿತ್ವ ಪಾಲಿಸುವ ಮನೆಗಳಿಗೆ ಇದು ಒಳ್ಳೆಯ ದಾರಿ, ನಮ್ಮಲ್ಲಿ ಅದರ ಬಳಕೆ ಏಕೋ ಕಡಿಮೆ. ವೆಚ್ಚದ ವಿಷಯಕ್ಕೆ ಬಂದರೆ, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಅಡಿಯಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ಸೇವೆಯಿದೆ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಘಟಕಗಳಿವೆ. ಹೊಲ ಮಾರುವ ಮುನ್ನ ಅಲ್ಲಿ ವಿಚಾರಿಸುವುದು ಲೇಸು.

ಯೋಗ್ಯರಾದವರಿಗೆ ಮೂತ್ರಪಿಂಡದ ಕಸಿಯೇ ಉತ್ತಮ ಪರಿಹಾರ. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅದು ಯಶಸ್ವಿಯಾಯಿತು. 1994ರ ಕಾಯಿದೆ, 2011ರ ತಿದ್ದುಪಡಿಗಳಂತೆ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಪತಿಪತ್ನಿ, ಅಜ್ಜಅಜ್ಜಿ, ಮೊಮ್ಮಕ್ಕಳು ನಿಕಟ ಬಂಧುಗಳೆನಿಸುತ್ತಾರೆ. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ಪರಸ್ಪರ ಬದಲಾಯಿಸಿಕೊಳ್ಳಲೂ ಅವಕಾಶವಿದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಸ್ತ್ರೀಯರೇ ಹೆಚ್ಚು, ಪಡೆಯುವವರಲ್ಲಿ ಪುರುಷರೇ ಹೆಚ್ಚು. ತಾಯಿ, ಹೆಂಡತಿ ಮುಂದೆ ಬರುತ್ತಾರೆ. ಅದೇ ಮನೆಯ ಹೆಣ್ಣುಮಗಳಿಗೆ ಬೇನೆ ಬಂದಾಗ ಯಾರು ಮುಂದೆ ಬರುತ್ತಾರೆಂದು ಕೇಳಬೇಕಾಗಿದೆ. ಮರಣಾನಂತರದ ದಾನವನ್ನು ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ಅಪಘಾತದಿಂದ ಮೆದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಮೂತ್ರಪಿಂಡಗಳನ್ನು ಅವರ ಮನೆಯವರು ಆ ದುಃಖದ ನಡುವೆಯೂ ದಾನವಾಗಿ ಕೊಟ್ಟರು.

ಎಂಬತ್ತು ದಾಟಿದ, ಹೃದಯವೂ ಬಲಗುಂದಿದ, ಹಾಸಿಗೆ ಹಿಡಿದ ಹಿರಿಯರ ವಿಷಯ ಬೇರೆ. ಅಂಥವರಿಗೆ ಡಯಾಲಿಸಿಸ್ ಆಯುಸ್ಸನ್ನು ಹೆಚ್ಚು ಬೆಳೆಸದೆ ಉಳಿದ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆಯಿಸಬಹುದು. ಊತ, ತುರಿಕೆ, ಉಸಿರಿನ ಕಷ್ಟಗಳನ್ನು ಔಷಧಿಯಿಂದ ಶಮನಗೊಳಿಸುತ್ತ ಮನೆಯಲ್ಲಿಯೇ ನೋಡಿಕೊಳ್ಳುವುದು ಕೂಡ ವೈದ್ಯಶಾಸ್ತ್ರ ಒಪ್ಪಿದ ಚಿಕಿತ್ಸೆಯೇ. ಮಕ್ಕಳು ಇದನ್ನು ಕೈಚೆಲ್ಲಿದಂತೆ ಎಂದು ಭಾವಿಸಬೇಕಾಗಿಲ್ಲ. ಆ ಹಿರಿಯರಿಗೆ ಇನ್ನೂ ಮಾತನಾಡುವ ಶಕ್ತಿಯಿರುವಾಗಲೇ, ಅವರ ಇಚ್ಛೆಯೇನೆಂದು ಅವರನ್ನೇ ಕೇಳಬೇಕು.